ಹಳ್ಳದ ನೀರಿನ ಭಾರಲೋಹ ಮತ್ತು ‘ಪತ್ತೆಯಾಗಿಲ್ಲ’ ಎಂಬ ವರದಿ: ಒಂದು ಬಹಿರಂಗ ಪತ್ರ

ಇವರಿಗೆ,
ಮಾನ್ಯ ಜಿಲ್ಲಾಧಿಕಾರಿಗಳು, ಶಿವಮೊಗ್ಗ ಜಿಲ್ಲೆ
ಕರ್ನಾಟಕ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಜಿಲ್ಲಾ ಅಧಿಕಾರಿಗಳು
ಜಿಲ್ಲಾ ಪಂಚಾಯಿತಿಯ ಕುಡಿಯುವ ನೀರು ವಿಭಾಗದ ಎಂಜಿನಿಯರರು
ಹಾಗೂ ಹಳ್ಳದ ದಂಡೆಯ ಗ್ರಾಮ ಪಂಚಾಯಿತಿಗಳ ಸದಸ್ಯರು

ಮಾನ್ಯರೇ,

ಹಳ್ಳದಲ್ಲಿ ನೊರೆ ಕಂಡಾಗ, ಮೀನು ಸತ್ತು ತೇಲಿದಾಗ ಊರವರು ದೂರು ಕೊಡುತ್ತಾರೆ. ಯಾರೋ ಬಂದು ಬಾಟಲಿಯಲ್ಲಿ ನೀರು ತುಂಬಿಕೊಂಡು ಹೋಗುತ್ತಾರೆ. ಕೆಲವು ವಾರ ಕಳೆದು ಬರುವ ವರದಿಯಲ್ಲಿ ಸೀಸ, ಕ್ಯಾಡ್ಮಿಯಂ, ನಿಕಲ್, ಕ್ರೋಮಿಯಂ ಎಲ್ಲದರ ಮುಂದೆಯೂ ‘ಪತ್ತೆಯಾಗಿಲ್ಲ’ ಎಂದು ಅಚ್ಚಾಗಿರುತ್ತದೆ. ಅಲ್ಲಿಗೆ ಕಡತ ಮುಚ್ಚುತ್ತದೆ. ನಮ್ಮ ತಕರಾರು ಇರುವುದು ಆ ಒಂದು ಪದದ ಮೇಲೆ. ಯಾವ ಯಂತ್ರಕ್ಕೆ, ಎಷ್ಟು ಪ್ರಮಾಣದ ಕೆಳಗೆ, ಹೇಗೆ ಹಿಡಿದು ತಂದ ನೀರಿನಲ್ಲಿ ಪತ್ತೆಯಾಗಲಿಲ್ಲ ಎಂದು ಹೇಳದ ವರದಿ ಹಳ್ಳದ ಸುದ್ದಿ ಹೇಳುವುದಿಲ್ಲ, ಪ್ರಯೋಗಾಲಯದ ಕಣ್ಣು ಎಷ್ಟು ಮಂದ ಎಂಬುದನ್ನಷ್ಟೇ ಹೇಳುತ್ತದೆ. ತುಂಗಾ, ಭದ್ರಾ, ಶರಾವತಿ, ಕುಮುದ್ವತಿ, ವರದಾ ನದಿಗಳಿಗೆ ಬಂದು ಸೇರುವ ಹಳ್ಳಗಳ ಲೋಹ ಪರೀಕ್ಷೆ ಮುಂದಿನ ಮಳೆಗಾಲಕ್ಕೆ ಮೊದಲೇ ಸರಿಯಾದ ಕ್ರಮದಲ್ಲಿ ಶುರುವಾಗಲಿ ಎಂಬುದು ನಮ್ಮ ಕೋರಿಕೆ. ಆ ಕ್ರಮ ಯಾವುದು, ಅದು ಎಲ್ಲೆಲ್ಲಿ ಕೆಡುತ್ತದೆ, ಯಾಕೆ ಕೆಡುತ್ತದೆ ಎಂಬುದನ್ನು ವಿವರವಾಗಿಯೇ ಬರೆಯುತ್ತಿದ್ದೇವೆ.

ಮೊದಲು ಒಂದು ಗೊಂದಲ ತೀರಲಿ. ನದಿಯ ಯಾವುದೋ ಭಾಗಕ್ಕೆ ‘ಬಿ ವರ್ಗ’ ಸಿಕ್ಕಿದೆ, ಆದ್ದರಿಂದ ಭಯವಿಲ್ಲ ಎಂಬ ಮಾತು ಸಭೆಗಳಲ್ಲಿ ಕೇಳಿಬರುತ್ತದೆ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಎ, ಬಿ, ಸಿ ವರ್ಗಗಳು ನಿಂತಿರುವುದು ನೀರಿನ ಪಿಎಚ್ (ಹುಳಿ-ಕ್ಷಾರದ ಅಳತೆ), ಕರಗಿದ ಆಮ್ಲಜನಕ, ಬಿಒಡಿ (ಕೊಳೆಯನ್ನು ಕರಗಿಸಲು ಸೂಕ್ಷ್ಮಜೀವಿಗಳಿಗೆ ಬೇಕಾಗುವ ಆಮ್ಲಜನಕ) ಮತ್ತು ಮಲ ಸೇರಿದ ಸುಳಿವು ಕೊಡುವ ಕೋಲಿಫಾರ್ಮ್ ಬ್ಯಾಕ್ಟೀರಿಯಾದ ಲೆಕ್ಕದ ಮೇಲೆ. ಡಿ ವರ್ಗಕ್ಕೆ ಅಮೋನಿಯಾ, ಇ ವರ್ಗಕ್ಕೆ ಉಪ್ಪಿನಂಶ, ಸೋಡಿಯಂ, ಬೋರಾನ್ ನೋಡುತ್ತಾರೆ. ಈ ಮೂಲ ಅಳತೆಗಳ ಪಟ್ಟಿಯಲ್ಲಿ ಸೀಸವೂ ಇಲ್ಲ, ಕ್ಯಾಡ್ಮಿಯಮ್ಮೂ ಇಲ್ಲ. ಅಂದರೆ ಚರಂಡಿ ಸೇರದ, ಆದರೆ ಲೋಹ ಸೇರುವ ಹಳ್ಳ ಯಾವ ತೊಂದರೆಯೂ ಇಲ್ಲದೆ ಎ ವರ್ಗದಲ್ಲಿ ಕೂರಬಲ್ಲದು. ಪಂಚಾಯಿತಿಗಳಿಗೆ ಕೊಟ್ಟಿರುವ ನೀರು ಪರೀಕ್ಷೆಯ ಕಿಟ್ಟುಗಳೂ ಅಷ್ಟೆ. ಪಿಎಚ್, ಗಡಸುತನ, ಕ್ಲೋರೈಡ್, ನೈಟ್ರೇಟ್, ಫ್ಲೋರೈಡ್, ಕಬ್ಬಿಣ ಇವಕ್ಕೆ ಅವು ಸರಿ. ಸೀಸ, ಕ್ಯಾಡ್ಮಿಯಂಗಳ ವಿಷಯದಲ್ಲಿ ಕುರುಡು.

ಈಗ ಅಂಕಿಗೆ ಬರೋಣ. ಕುಡಿಯುವ ನೀರಿನ ಭಾರತೀಯ ಮಾನಕ ಐಎಸ್ 10500 (2012) ಪ್ರಕಾರ ಲೀಟರ್ ನೀರಿನಲ್ಲಿ ಸೀಸ 0.01 ಮಿಲಿಗ್ರಾಂ, ಕ್ಯಾಡ್ಮಿಯಂ 0.003, ನಿಕಲ್ 0.02, ಒಟ್ಟು ಕ್ರೋಮಿಯಂ 0.05, ಪಾದರಸ 0.001 ಮಿಲಿಗ್ರಾಂ ಮೀರಬಾರದು. ತಾಮ್ರಕ್ಕೆ 0.05 ಸ್ವೀಕಾರಾರ್ಹ ಮಿತಿ, ಬೇರೆ ನೀರಿನ ಮೂಲವೇ ಇಲ್ಲದಿದ್ದರೆ 1.5ರವರೆಗೆ ಸಡಿಲಿಕೆ. ಮ್ಯಾಂಗನೀಸಿಗೆ 0.1, ಸಡಿಲಿಸಿದರೆ 0.3. ಕಬ್ಬಿಣದ ಮಿತಿ ಮೊದಲು 0.3 ಇತ್ತು, 2015ರ ತಿದ್ದುಪಡಿಯಲ್ಲಿ 1.0 ಆಯಿತು. ಹಳೆಯ 0.3 ಹಿಡಿದುಕೊಂಡೇ ಮಲೆನಾಡಿನ ಅರ್ಧ ಬಾವಿಗಳಿಗೆ ‘ಕಲುಷಿತ’ ಎಂದು ಬರೆಯುವವರು ಈಗಲೂ ಇದ್ದಾರೆ.

ಸೀಸದ ಈ 0.01 ಎಂಬ ಸಂಖ್ಯೆಯನ್ನು ನೆನಪಿನಲ್ಲಿಡಿ. ಮೈಕ್ರೋಗ್ರಾಂ ಲೆಕ್ಕದಲ್ಲಿ ಅದು 10. ಜ್ವಾಲೆ ಬಳಸುವ ಸಾಮಾನ್ಯ ಅಟಾಮಿಕ್ ಅಬ್ಸಾರ್ಪ್ಶನ್ (ಎಎಎಸ್) ಯಂತ್ರ, ಅಂದರೆ ಲೋಹ ಹೀರುವ ಬೆಳಕನ್ನು ನೋಡಿ ಪ್ರಮಾಣ ಹೇಳುವ ಯಂತ್ರ, ಸೀಸವನ್ನು ನೇರವಾಗಿ ನಂಬಿಕೆಯಿಂದ ಅಳೆಯಲು ಶುರುಮಾಡುವುದೇ ಲೀಟರಿಗೆ 50ರಿಂದ 100 ಮೈಕ್ರೋಗ್ರಾಂ ಆಸುಪಾಸಿನಲ್ಲಿ. ಹಳ್ಳದಲ್ಲಿ 40 ಇದ್ದರೆ, ಅಂದರೆ ಮಿತಿಯ ನಾಲ್ಕು ಪಟ್ಟು ಇದ್ದರೆ, ಆ ಯಂತ್ರ ಪ್ರಾಮಾಣಿಕವಾಗಿ ‘ಪತ್ತೆಯಾಗಿಲ್ಲ’ ಎನ್ನುತ್ತದೆ. ತಪ್ಪು ಯಂತ್ರದ್ದಲ್ಲ, ಅದರ ಮುಂದೆ ಆ ಪ್ರಶ್ನೆ ಇಟ್ಟವರದ್ದು. ಅಕ್ಕಸಾಲಿಗನ ತಕ್ಕಡಿಯಲ್ಲಿ ತೂಗಬೇಕಾದ್ದನ್ನು ಅಡಿಕೆ ಮಂಡಿಯ ತಕ್ಕಡಿಯಲ್ಲಿಟ್ಟರೆ ಮುಳ್ಳು ಅಲುಗುವುದಿಲ್ಲ. ಸೀಸ, ಕ್ಯಾಡ್ಮಿಯಂ, ನಿಕಲ್‌ಗೆ ಗ್ರಾಫೈಟ್ ಕುಲುಮೆಯ ಎಎಎಸ್ ಅಥವಾ ಐಸಿಪಿ-ಎಂಎಸ್ ಎಂಬ ಇನ್ನೂ ಸೂಕ್ಷ್ಮವಾದ ಯಂತ್ರ ಬೇಕು, ಪಾದರಸಕ್ಕೆ ಶೀತ ಆವಿಯ ವಿಧಾನ. ಯಂತ್ರ ಯಾವುದೇ ಇರಲಿ, ಅದು ಖಚಿತವಾಗಿ ಅಳೆಯಬಲ್ಲ ಅತಿ ಕಡಿಮೆ ಪ್ರಮಾಣವು ಮಿತಿಯ ಮೂರನೇ ಒಂದು ಭಾಗಕ್ಕಿಂತ ಕೆಳಗಿರಬೇಕು ಎಂಬುದು ಸುಲಭದ ನಿಯಮ: ಸೀಸಕ್ಕೆ 3 ಮೈಕ್ರೋಗ್ರಾಂ, ಕ್ಯಾಡ್ಮಿಯಂಗೆ 1. ಟೆಂಡರಿನಲ್ಲಿ ಈ ಒಂದು ಸಾಲು ಸೇರಿದರೆ ಅರ್ಧ ಸಮಸ್ಯೆ ಹೋಗುತ್ತದೆ. ‘ಎನ್‌ಎಬಿಎಲ್ ಮಾನ್ಯತೆ ಪಡೆದ ಪ್ರಯೋಗಾಲಯ’ ಎಂದಷ್ಟೇ ಬರೆದರೆ ಸಾಲದು; ಎನ್‌ಎಬಿಎಲ್ ಎಂದರೆ ಪ್ರಯೋಗಾಲಯಗಳಿಗೆ ಮಾನ್ಯತೆ ಕೊಡುವ ರಾಷ್ಟ್ರೀಯ ಮಂಡಳಿ. ಮಾನ್ಯತೆಯ ವ್ಯಾಪ್ತಿಪಟ್ಟಿಯಲ್ಲಿ ಆ ಲೋಹ, ಆ ವಿಧಾನ, ಆ ಪ್ರಮಾಣ ಮೂರೂ ಇದೆಯೇ ನೋಡಬೇಕು. ಗಡಸುತನಕ್ಕೆ ಮಾನ್ಯತೆ ಪಡೆದ ಲ್ಯಾಬು ಕ್ಯಾಡ್ಮಿಯಂ ಅಳೆದುಕೊಟ್ಟರೆ ಲೆಟರ್‌ಹೆಡ್ ಮಾತ್ರ ಮಾನ್ಯತೆಯದು.

ಆದರೆ ಎಷ್ಟೇ ಒಳ್ಳೆಯ ಯಂತ್ರವಿದ್ದರೂ ಹಳ್ಳದ ದಂಡೆಯಲ್ಲಿ ಆದ ತಪ್ಪನ್ನು ತಿದ್ದಲಾರದು. ನಮ್ಮ ಅನುಭವದಲ್ಲಿ ಲೋಹದ ಮಾದರಿ ಕೆಡುವುದು ಲ್ಯಾಬಿನಲ್ಲಿ ಕಡಿಮೆ, ಬಾಟಲಿಯಲ್ಲಿ ಹೆಚ್ಚು. ಬಾಟಲಿ ಬಿಳಿ ಪಾಲಿಥೀನಿನದಾಗಿರಬೇಕು, ಮುಚ್ಚಳದೊಳಗೆ ಬಣ್ಣದ ರಬ್ಬರು, ಲೋಹದ ಹಾಳೆ ಇರಬಾರದು. ಅಂಗಡಿಯ ಮಿನರಲ್ ವಾಟರ್ ಬಾಟಲಿ ತೊಳೆದು ತರುವ ಪದ್ಧತಿ ನಿಲ್ಲಬೇಕು. ಹೊಸ ಬಾಟಲಿಯನ್ನು ಶೇಕಡ 10ರ ನೈಟ್ರಿಕ್ ಆಮ್ಲದಲ್ಲಿ ಒಂದು ಇಡೀ ದಿನ ನೆನೆಸಿ, ಡಿಅಯೋನೈಸ್ಡ್ (ಕರಗಿದ ಲವಣ ತೆಗೆದ) ನೀರಿನಲ್ಲಿ ಮೂರ್ನಾಲ್ಕು ಸಲ ತೊಳೆದು, ಧೂಳಿಲ್ಲದ ಕಡೆ ಒಣಗಿಸಿ, ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಡಬೇಕು. ಕೈಗೆ ಪುಡಿ ಹಚ್ಚದ ಕೈಗವಸು. ಪುಡಿಯಿದ್ದರೆ ಸತುವಿನ ಅಂಕಿ ಏರುತ್ತದೆ. ಪಾದರಸಕ್ಕೆ ಮಾತ್ರ ಗಾಜಿನ ಅಥವಾ ಟೆಫ್ಲಾನ್ ಬಾಟಲಿ ಬೇರೆಯೇ ಬೇಕು.

ಒಂದು ಜಾಗದಲ್ಲಿ ಒಂದಲ್ಲ, ಎರಡು ಬಾಟಲಿ ತುಂಬಬೇಕು. ಒಂದರಲ್ಲಿ ನೀರು ಹೇಗಿದೆಯೋ ಹಾಗೆ. ಇನ್ನೊಂದರಲ್ಲಿ 0.45 ಮೈಕ್ರಾನ್ ಸೋಸುಪೊರೆಯಲ್ಲಿ ಅಲ್ಲಿಯೇ ಸೋಸಿದ ನೀರು; ಸೋಸಿದ ಮೊದಲ 10–20 ಮಿಲಿ ಚೆಲ್ಲಿಬಿಡಬೇಕು. ಮೊದಲನೆಯದು ಒಟ್ಟು ಲೋಹವನ್ನೂ ಎರಡನೆಯದು ಕರಗಿದ ಲೋಹವನ್ನೂ ಹೇಳುತ್ತದೆ. ಮೀನಿಗೆ, ಹುಳಕ್ಕೆ, ಬೇರಿಗೆ ಬೇಗ ಸೇರುವುದು ಕರಗಿದ ಲೋಹ. ಮಣ್ಣಿನ ಕಣಕ್ಕೆ ಅಂಟಿಕೊಂಡದ್ದು ಹೂಳಾಗಿ ಕೂತು ಮುಂದೊಂದು ದಿನ ಬಿಡುಗಡೆಯಾಗುವುದು. ಎರಡನ್ನೂ ಬೇರ್ಪಡಿಸದೆ ಮಳೆಗಾಲದ ಕೆಂಪು ನೀರನ್ನು ಹಾಗೇ ಅಳೆದರೆ ಗುಡ್ಡದ ಮಣ್ಣನ್ನೇ ಮಾಲಿನ್ಯ ಎಂದು ಬರೆದಂತಾಗುತ್ತದೆ. ಜುಲೈ ತಿಂಗಳ ಕೆಂಪು ನೀರಿಗೆ ಸೋಸುಪೊರೆ ಎರಡೇ ಸಿರಿಂಜಿನಲ್ಲಿ ಕಟ್ಟಿಕೊಳ್ಳುತ್ತದೆ, ಹಾಗಾಗಿ ಲೆಕ್ಕಕ್ಕಿಂತ ಮೂರು ಪಟ್ಟು ಪೊರೆ ಒಯ್ಯುವುದು ಒಳ್ಳೆಯದು.

ಸೋಸಿದ ಮೇಲೆ ಆಮ್ಲ. 500 ಮಿಲಿ ಬಾಟಲಿಗೆ ಅತಿಶುದ್ಧ ಗಾಢ ನೈಟ್ರಿಕ್ ಆಮ್ಲ 1 ಮಿಲಿ ಹಾಕಿದರೆ ನಮ್ಮ ಮೆದು ನೀರಿನ ಪಿಎಚ್ 2ಕ್ಕಿಂತ ಕೆಳಗಿಳಿಯುತ್ತದೆ. ಪರೀಕ್ಷಿಸಲು ಒಂದು ಹನಿಯನ್ನು ಪಿಎಚ್ ಕಾಗದದ ಮೇಲೆ ತೊಟ್ಟಿಕ್ಕಬೇಕು, ಕಾಗದವನ್ನು ಬಾಟಲಿಗೆ ಅದ್ದಬಾರದು. ಕ್ರಮ ತಿರುವುಮುರುವಾಗಬಾರದು: ಮೊದಲು ಆಮ್ಲ ಹಾಕಿ ಆಮೇಲೆ ಸೋಸಿದರೆ ಕಣಕ್ಕಂಟಿದ ಲೋಹವೆಲ್ಲ ಕರಗಿ ‘ಕರಗಿದ ಲೋಹ’ದ ಲೆಕ್ಕಕ್ಕೆ ಬಂದುಬಿಡುತ್ತದೆ. ಇನ್ನೂ ಸಾಮಾನ್ಯವಾದ ತಪ್ಪು, ಆಮ್ಲವನ್ನೇ ಹಾಕದೆ ಬಾಟಲಿಯನ್ನು ಜೀಪಿನ ಹಿಂದಿಟ್ಟುಕೊಂಡು ದೂರದ ಲ್ಯಾಬಿಗೆ ಒಯ್ಯುವುದು. ದಾರಿಯಲ್ಲಿ ನೀರಿನ ಕಬ್ಬಿಣ ಗಾಳಿ ತಾಗಿ ತುಕ್ಕಿನ ಕಣವಾಗುತ್ತದೆ, ಆ ಕಣ ಸೀಸವನ್ನೂ ಆರ್ಸೆನಿಕ್ಕನ್ನೂ ತಬ್ಬಿಕೊಂಡು ಬಾಟಲಿಯ ಗೋಡೆಗೆ ಅಂಟುತ್ತದೆ. ಲ್ಯಾಬಿನವರು ಮೇಲಿನ ತಿಳಿನೀರು ಬಗ್ಗಿಸಿ ಅಳೆಯುತ್ತಾರೆ. ಸೀಸ ‘ಪತ್ತೆಯಾಗಿಲ್ಲ’. ಅದು ಬಾಟಲಿಯ ಗೋಡೆಯ ಮೇಲಿದೆ. ಆಮ್ಲ ಹಾಕಿದ ಮಾದರಿ ಆರು ತಿಂಗಳು ಕೆಡುವುದಿಲ್ಲ, ಪಾದರಸದ್ದು 28 ದಿನ. ಆರು-ವೇಲೆನ್ಸಿಯ ಕ್ರೋಮಿಯಂಗೆ (ಕ್ರೋಮಿಯಂನ ಹೆಚ್ಚು ವಿಷದ ರೂಪ) ಮಾತ್ರ ಆಮ್ಲ ಹಾಕದೆ, ಮಂಜುಗಡ್ಡೆಯಲ್ಲಿಟ್ಟು, 24 ಗಂಟೆಯೊಳಗೆ ಪರೀಕ್ಷಿಸಬೇಕು.

ಪ್ರತಿ ಸುತ್ತಿನಲ್ಲೂ ಒಂದು ‘ಖಾಲಿ ಮಾದರಿ’ ಇರಲೇಬೇಕು. ಡಿಅಯೋನೈಸ್ಡ್ ನೀರನ್ನು ಹಳ್ಳದ ದಂಡೆಯಲ್ಲಿಯೇ ಬಾಟಲಿಗೆ ಸುರಿದು, ಸೋಸಿ, ಆಮ್ಲ ಹಾಕಿ, ಉಳಿದವುಗಳ ಜೊತೆಗೆ ಕಳಿಸುವುದು. ಅದರಲ್ಲಿ ಸತು, ಸೀಸ ಕಂಡರೆ ಆ ದಿನದ ಎಲ್ಲ ಅಂಕಿಗಳೂ ಅನುಮಾನಕ್ಕೆ ಗುರಿ. ಒಂದು ಜಾಗದಲ್ಲಿ ಜೋಡಿ ಮಾದರಿ ತೆಗೆದು ಲ್ಯಾಬಿಗೆ ಬೇರೆ ಸಂಖ್ಯೆ ಕೊಟ್ಟು ಕಳಿಸಬೇಕು. ಲ್ಯಾಬಿನವರೂ ಗೊತ್ತಿದ್ದಷ್ಟು ಲೋಹ ಬೆರೆಸಿ ಎಷ್ಟು ವಾಪಸು ಸಿಕ್ಕಿತು ಎಂದು ತೋರಿಸಬೇಕು. ಶೇಕಡ 85ರಿಂದ 115ರ ಒಳಗಿದ್ದರೆ ಒಪ್ಪಬಹುದು. ಈ ಮೂರೂ ಇಲ್ಲದ ವರದಿಗೆ ಹಣ ಕೊಡಬೇಡಿ ಎಂದು ಬರೆಯುವುದು ಸ್ವಲ್ಪ ಕಟುವಾಯಿತೇನೋ, ಆದರೆ ಬೇರೆ ದಾರಿಯಿಲ್ಲ.

ಎಲ್ಲಿ ನಿಲ್ಲಬೇಕು ಎಂಬುದು ಮುಂದಿನದು. ಒಂದು ಹಳ್ಳಕ್ಕೆ ಕನಿಷ್ಠ ನಾಲ್ಕು ಜಾಗ: ಯಾವ ತೋಟ, ಶೆಡ್ಡು, ಊರು, ಕಸದ ಗುಂಡಿಯ ನೀರೂ ಸೇರದ ಮೇಲ್ಭಾಗ, ಅನುಮಾನದ ಕಾಲುವೆ ಸೇರುವ ಜಾಗಕ್ಕೆ ಸ್ವಲ್ಪ ಮೇಲೆ, ಅದರ ನೀರು ಪೂರ್ತಿ ಬೆರೆತ ಮೇಲೆ, ಹೊಳೆ ಸೇರುವ ಮುನ್ನ. ‘ಪೂರ್ತಿ ಬೆರೆತಿದೆ’ ಎಂದು ಗೊತ್ತಾಗುವುದು ಹೇಗೆ? ವಿದ್ಯುತ್ ವಾಹಕತೆಯ (ಕರಗಿದ ಲವಣ ಹೆಚ್ಚಿದಷ್ಟೂ ಇದು ಹೆಚ್ಚು) ಮೀಟರನ್ನು ಎಡದಂಡೆ, ನಡು, ಬಲದಂಡೆಯಲ್ಲಿ ಅದ್ದಿ ನೋಡಿ. ಮೂರೂ ಓದು ಶೇಕಡ 5ರೊಳಗೆ ಹೊಂದಿದರೆ ಬೆರೆತಿದೆ. ಇಲ್ಲದಿದ್ದರೆ ಇನ್ನೂ ಕೆಳಗೆ ನಡೆಯಬೇಕು. ಕಾಲುವೆ ಬಲದಂಡೆಗೆ ಸೇರುತ್ತಿದ್ದರೆ, ಐವತ್ತು ಮೀಟರ್ ಕೆಳಗೆ ಎಡದಂಡೆಯಲ್ಲಿ ನಿಂತು ಬಾಟಲಿ ತುಂಬಿದವರಿಗೆ ಶುದ್ಧ ನೀರೇ ಸಿಗುತ್ತದೆ.

ಕೆಲಸವನ್ನು ಕೆಳಗಿನಿಂದ ಶುರುಮಾಡಿ ಮೇಲಕ್ಕೆ ಹೋಗಬೇಕು, ಇಲ್ಲದಿದ್ದರೆ ನಾವೇ ಕದಡಿದ ಹೂಳು ಮುಂದಿನ ಬಾಟಲಿಗೆ ಬರುತ್ತದೆ. ಹರಿವಿನ ನಡುವೆ, ನೀರು ಬರುವ ದಿಕ್ಕಿಗೆ ಮುಖ ಮಾಡಿ ನಿಂತು, ಮೇಲ್ಮೈಯಿಂದ 15–30 ಸೆಂಟಿಮೀಟರ್ ಕೆಳಗೆ, ಬಾಯಿ ಮೇಲ್ಹರಿವಿನ ಕಡೆಗಿಟ್ಟು ತುಂಬುವುದು. ತುಂಬುವ ಮುನ್ನ ಬಾಟಲಿಯನ್ನು ಅದೇ ನೀರಿನಲ್ಲಿ ಮೂರು ಸಲ ಗಲಬರಿಸಬೇಕು. ಮೊದಲೇ ಆಮ್ಲ ಹಾಕಿಟ್ಟ ಬಾಟಲಿಯನ್ನು ಮಾತ್ರ ಗಲಬರಿಸಬಾರದು. ಸೇತುವೆಯ ಮೇಲಿನಿಂದ ತಗಡಿನ ಬಕೆಟ್ ಇಳಿಬಿಟ್ಟು ಸೇದಿದ ನೀರಿನಲ್ಲಿ ಸಿಗುವ ಸತು ಬಕೆಟ್ಟಿನದು, ಕಬ್ಬಿಣ ಸೇತುವೆಯ ಸರಳಿನದು.

ನೀರಿನ ಜೊತೆ ಹರಿವನ್ನೂ ಅಳೆಯದೆ ಬಂದರೆ ಕೆಲಸ ಅರ್ಧವೇ. ದೊಡ್ಡ ಉಪಕರಣ ಬೇಡ. ನೇರವಾಗಿ ಹರಿಯುವ 10 ಮೀಟರ್ ಜಾಗ ಆರಿಸಿ, ಒಂದು ನಿಂಬೆಹಣ್ಣು ಬಿಡಿ. ಅದು ಅರ್ಧ ಮುಳುಗಿ ತೇಲುವುದರಿಂದ ಗಾಳಿಗೆ ಸಿಗುವುದಿಲ್ಲ. ಮೂರು ಸಲ ಬಿಟ್ಟು ಸರಾಸರಿ ತೆಗೆದಾಗ 31 ಸೆಕೆಂಡ್ ಬಂತು, ಹಳ್ಳದ ಅಗಲ 3 ಮೀಟರ್, ಐದು ಕಡೆ ಕೋಲಿಟ್ಟು ನೋಡಿದ ಸರಾಸರಿ ಆಳ ಕಾಲು ಮೀಟರ್ ಎಂದಿಟ್ಟುಕೊಳ್ಳಿ. ಮೇಲ್ಮೈ ವೇಗ ತಳದ ವೇಗಕ್ಕಿಂತ ಹೆಚ್ಚಿರುವುದರಿಂದ 0.85ರಿಂದ ಗುಣಿಸಿದರೆ ಹರಿವು ಸೆಕೆಂಡಿಗೆ ಸುಮಾರು 200 ಲೀಟರ್. ಆ ನೀರಿನಲ್ಲಿ ಲೀಟರಿಗೆ 0.02 ಮಿಲಿಗ್ರಾಂ ಸೀಸವಿದ್ದರೆ ಸೆಕೆಂಡಿಗೆ 4 ಮಿಲಿಗ್ರಾಂ, ದಿನಕ್ಕೆ ಸುಮಾರು 346 ಗ್ರಾಂ ಸೀಸ ಹೊಳೆಗೆ ಹೋಯಿತು. ಮಳೆಗಾಲದಲ್ಲಿ ಅದೇ ಹಳ್ಳ ಸೆಕೆಂಡಿಗೆ 5,000 ಲೀಟರ್ ಹರಿಯುತ್ತಿದ್ದು ಸೀಸ 0.004ಕ್ಕೆ ಇಳಿದರೆ? ವರದಿ ‘ಮಿತಿಯೊಳಗೆ’ ಎನ್ನುತ್ತದೆ. ಆದರೆ ದಿನಕ್ಕೆ ಹರಿದುಹೋದದ್ದು 1,728 ಗ್ರಾಂ, ಐದು ಪಟ್ಟು. ಕೆಳಗಿನ ಕೆರೆಗೆ, ಅಣೆಕಟ್ಟೆಗೆ ಬೇಕಾದ ಲೆಕ್ಕ ಈ ಎರಡನೆಯದು.

ಇದರಿಂದಲೇ ಕಾಲದ ಪ್ರಶ್ನೆ ಬರುತ್ತದೆ. ವರ್ಷಕ್ಕೊಂದು ಮಾದರಿ, ಅದೂ ಓಡಾಟಕ್ಕೆ ಅನುಕೂಲವೆಂದು ಡಿಸೆಂಬರಿನಲ್ಲಿ, ಮಲೆನಾಡಿಗೆ ಹೊಂದುವುದಿಲ್ಲ. ಆಗುಂಬೆ ಕಡೆ ವರ್ಷದ ಮಳೆ 7,000 ಮಿಲಿಮೀಟರ್ ದಾಟುತ್ತದೆ, ಅದರಲ್ಲಿ ಬಹುಪಾಲು ನಾಲ್ಕೇ ತಿಂಗಳಿನಲ್ಲಿ. ಹಳ್ಳ ಬತ್ತಿ ಗುಂಡಿಗಳಲ್ಲಿ ನಿಂತ ಏಪ್ರಿಲ್–ಮೇ ಒಂದು ಸುತ್ತು, ಮೃಗಶಿರದ ಮೊದಲ ದೊಡ್ಡ ಮಳೆಯ ಮೊದಲ ಕೆಲವು ಗಂಟೆ ಇನ್ನೊಂದು, ಜುಲೈ ಕೊನೆ, ಅಕ್ಟೋಬರ್–ನವೆಂಬರ್, ಜನವರಿ. ಈ ಐದರಲ್ಲಿ ಬಿಡಲೇಬಾರದ್ದು ಎರಡನೆಯದು. ಎಂಟು ತಿಂಗಳು ರಸ್ತೆ, ಗ್ಯಾರೇಜು, ಬ್ಯಾಟರಿ ಅಂಗಡಿ, ವೆಲ್ಡಿಂಗ್ ಶೆಡ್ಡು, ಕಸದ ರಾಶಿಯ ಮೇಲೆ ಕೂತದ್ದೆಲ್ಲ ಆ ಒಂದು ಮಧ್ಯಾಹ್ನ ತೊಳೆದುಹೋಗುತ್ತದೆ. ರಾತ್ರಿ ಬಿಡುವ ತ್ಯಾಜ್ಯ ಹಗಲಿನ ಬಾಟಲಿಗೆ ಸಿಗುವುದಿಲ್ಲ. ಅದಕ್ಕೆ 15 ನಿಮಿಷಕ್ಕೊಮ್ಮೆ ವಾಹಕತೆ ಬರೆದಿಟ್ಟುಕೊಳ್ಳುವ ಲಾಗರ್ ಒಂದನ್ನು ಕಲ್ಲಿನ ಸಂದಿಯಲ್ಲಿ ಕಟ್ಟಿಟ್ಟರೆ ಸಾಕು. ರಾತ್ರಿ ಎರಡಕ್ಕೆ ಗೆರೆ ಜಿಗಿದರೆ, ಬಾಟಲಿ ಹಿಡಿದು ಯಾವಾಗ ಬರಬೇಕೆಂದು ಗೊತ್ತಾಯಿತು.

ಇನ್ನು ನಮ್ಮ ನೆಲದ ಮಾತು. ಇದನ್ನು ತಿಳಿಯದೆ ಹೊರಗಿನ ಸೂತ್ರ ಹಚ್ಚಿದರೆ ತಪ್ಪಿಲ್ಲದವರಿಗೆ ನೋಟಿಸು ಹೋಗುತ್ತದೆ, ತಪ್ಪಿರುವವರು ಪಾರಾಗುತ್ತಾರೆ.

ಮುರಕಲ್ಲಿನ (ಜಂಬಿಟ್ಟಿಗೆ) ಸೀಮೆಯಲ್ಲಿ ಕಬ್ಬಿಣ ಹುಟ್ಟಿನಿಂದಲೇ ಇದೆ. ಜವಳು ಜಾಗದಿಂದ ಒಸರುವ ನೀರಿನಲ್ಲಿ ಕೆಂಪು ಲೋಳೆ ಕಟ್ಟುವುದು, ಮೇಲೆ ಕಾಮನಬಿಲ್ಲಿನ ಬಣ್ಣದ ಪದರ ತೇಲುವುದು ಹೆಚ್ಚಾಗಿ ಕಬ್ಬಿಣ ತಿನ್ನುವ ಬ್ಯಾಕ್ಟೀರಿಯಾದ ಕೆಲಸ. ಕಡ್ಡಿಯಿಂದ ಆ ಪದರ ಕಲಕಿ ನೋಡಿ: ಒಡೆದ ಗಾಜಿನಂತೆ ಚೂರುಚೂರಾಗಿ ದೂರ ಸರಿದರೆ ಬ್ಯಾಕ್ಟೀರಿಯಾ, ಸುತ್ತಿಕೊಂಡು ಮತ್ತೆ ಕೂಡಿಕೊಂಡರೆ ಎಣ್ಣೆ. ಇಷ್ಟು ನೋಡಿದರೆ ಎಷ್ಟೋ ದೂರು ದಂಡೆಯಲ್ಲಿಯೇ ತೀರುತ್ತದೆ. ಕುಂಸಿ ಸುತ್ತ ಮ್ಯಾಂಗನೀಸ್ ಅದಿರಿದೆ, ಅಲ್ಲಿ ಗಣಿಗಾರಿಕೆಯೂ ನಡೆದಿದೆ. ಭದ್ರೆಯ ಮೇಲ್ಭಾಗದ ಕುದುರೆಮುಖದಲ್ಲಿ ಕಬ್ಬಿಣದ ಅದಿರಿನ ಗಣಿಗಾರಿಕೆ 2005ರ ಡಿಸೆಂಬರ್ ಕೊನೆಗೆ ನಿಂತಿತು. ಕೆಮ್ಮಣ್ಣುಗುಂಡಿಯ ಅದಿರು ಭದ್ರಾವತಿಯ ಕುಲುಮೆಗೆ ಬರುತ್ತಿತ್ತು. ಇಂಥ ಕಡೆ ಕಬ್ಬಿಣ, ಮ್ಯಾಂಗನೀಸುಗಳ ಅಂಕಿ ಒಂದನ್ನೇ ನೋಡಿ ನೆಲದ್ದೋ ಮನುಷ್ಯರದ್ದೋ ಎಂದು ಹೇಳಲಾಗದು. ಶಿವಮೊಗ್ಗದ ಶಿಸ್ಟ್ (ಪದರಪದರವಾದ ಹಳೆಯ ಬಂಡೆ) ಪಟ್ಟಿಯಲ್ಲಿ ಮೆಗ್ನೀಸಿಯಂ ಹೆಚ್ಚಿರುವ ಕಪ್ಪು-ಹಸಿರು ಬಂಡೆಗಳಿರುವ ಕಡೆ ಕ್ರೋಮಿಯಂ, ನಿಕಲ್ ಸಹ ಬಂಡೆಯಿಂದಲೇ ಬರುತ್ತವೆ. ಮೊದಲ ಮಳೆಯಲ್ಲಿ ಸತು ಏರಿದರೆ ಕಾರ್ಖಾನೆ ಹುಡುಕುವ ಮೊದಲು ತಲೆಯೆತ್ತಿ ಮನೆಗಳ ಸತು ಲೇಪಿಸಿದ ಜಿಂಕ್ ಶೀಟು ನೋಡುವುದು ಒಳ್ಳೆಯದು.

ತಾಮ್ರದ ಕಥೆ ಬೇರೆ, ಅದು ನಮ್ಮ ತೋಟದ್ದೇ. ಅಡಿಕೆಯ ಕೊಳೆರೋಗಕ್ಕೆ ಹೊಡೆಯುವ ಶೇಕಡ 1ರ ಬೋರ್ಡೋ ದ್ರಾವಣದಲ್ಲಿ 100 ಲೀಟರ್ ನೀರಿಗೆ 1 ಕೆಜಿ ಮೈಲುತುತ್ತ, 1 ಕೆಜಿ ಸುಣ್ಣ. ಮೈಲುತುತ್ತದಲ್ಲಿ ತಾಮ್ರದ ಪಾಲು ನಾಲ್ಕನೇ ಒಂದು. ಒಂದು ಎಕರೆಗೆ 400 ಲೀಟರ್ ಹೋದರೆ ಒಂದು ಸಲಕ್ಕೆ ಸುಮಾರು 1 ಕೆಜಿ ತಾಮ್ರ, ಎರಡು ಸಲ ಹೊಡೆದರೆ ವರ್ಷಕ್ಕೆ 2 ಕೆಜಿ. ಐವತ್ತು ವರ್ಷ ಹೀಗೇ ಹೊಡೆದ ತೋಟದಲ್ಲಿ ಎಕರೆಗೆ 100 ಕೆಜಿ ತಾಮ್ರ ಬಿದ್ದಿದೆ. ತಾಮ್ರ ಕೊಳೆಯುವುದಿಲ್ಲ. ಹೆಚ್ಚಿನದು ಮೇಲ್ಮಣ್ಣಿನ ಜೈವಿಕಾಂಶಕ್ಕೆ ಅಂಟಿ ಕೂತಿರುತ್ತದೆ. ಮಣ್ಣು ಹುಳಿಯಾದಾಗ, ಬಸಿಗಾಲುವೆಯಲ್ಲಿ ಮಣ್ಣು ಕೊಚ್ಚಿದಾಗ ಹಳ್ಳ ಸೇರುತ್ತದೆ. ಇದರ ಅರ್ಥ ಬೋರ್ಡೋ ಬಿಡಿ ಎಂದಲ್ಲ. ಹಳ್ಳಕ್ಕೆ ಒಮ್ಮೆಗೇ ಪೆಟ್ಟು ಕೊಡುವುದು ಹೊಡೆದ ಔಷಧಿಗಿಂತ ಉಳಿದ ಔಷಧಿ. ಡ್ರಮ್ಮು, ಪಂಪು, ಪೈಪುಗಳನ್ನು ಹಳ್ಳದಲ್ಲೇ ತೊಳೆಯುವುದು, ಸುಣ್ಣ ಕಡಿಮೆಯಾಗಿ ಹುಳಿ ಉಳಿದ ದ್ರಾವಣ ಚೆಲ್ಲುವುದು. ಕತ್ತಿಯನ್ನು ದ್ರಾವಣಕ್ಕೆ ಅದ್ದಿ ಕೆಂಪು ಕಟ್ಟುತ್ತದೆಯೇ ಎಂದು ನೋಡುವ ಪದ್ಧತಿ ಹಳಬರಿಗೆ ಗೊತ್ತು. ಕೆಂಪು ಕಟ್ಟಿದರೆ ಬಿಡಿ ತಾಮ್ರ ಉಳಿದಿದೆ, ಇನ್ನಷ್ಟು ಸುಣ್ಣ ಬೇಕು. ಆ ನೋಟ ಅಡಿಕೆಗೂ ಒಳ್ಳೆಯದು, ಮೀನಿಗೂ ಒಳ್ಳೆಯದು. ಔಷಧಿ ಹೊಡೆಯುವ ವಾರಗಳಲ್ಲಿ ತೋಟದ ಸಾಲಿನ ಹಳ್ಳಗಳಲ್ಲಿ ಕರಗಿದ ತಾಮ್ರವನ್ನು ಅಳೆಯಬೇಕು ಎಂದು ತೋಟಗಾರಿಕೆ ಇಲಾಖೆಯನ್ನೂ ಕೋರುತ್ತೇವೆ.

ಮೀನಿನ ಮಾತು ಸುಮ್ಮನೆ ಎತ್ತಿದ್ದಲ್ಲ. ನಮ್ಮ ಹಳ್ಳದ ನೀರು ಮೆದು, ಸುಣ್ಣದಂಶ ಕಡಿಮೆ. ಮೆದು ನೀರಿನಲ್ಲಿ ತಾಮ್ರ, ಸತು, ಕ್ಯಾಡ್ಮಿಯಂಗಳ ವಿಷ ಹೆಚ್ಚು, ಯಾಕೆಂದರೆ ಮೀನಿನ ಕಿವಿರಿನಲ್ಲಿ ಲೋಹದೊಡನೆ ಜಾಗಕ್ಕೆ ಪೈಪೋಟಿ ಮಾಡಲು ಕ್ಯಾಲ್ಸಿಯಂ ಸಾಕಷ್ಟಿಲ್ಲ. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಗಡಸುತನದ ಮೇಲೆ ಕಟ್ಟಿದ ಹಳೆಯ ಸೂತ್ರದಲ್ಲಿ, ಗಡಸುತನ ಲೀಟರಿಗೆ 100 ಮಿಲಿಗ್ರಾಂ ಇದ್ದಾಗ ಜಲಚರಗಳಿಗೆ ಅಲ್ಪಾವಧಿಯ ತಾಮ್ರದ ಮಿತಿ ಲೀಟರಿಗೆ ಸುಮಾರು 13 ಮೈಕ್ರೋಗ್ರಾಂ. ಗಡಸುತನ 25 ಇದ್ದಾಗ 3.6. ಕುಡಿಯುವ ನೀರಿನ ನಮ್ಮ ಮಿತಿ 50. ಅಂದರೆ ಮನುಷ್ಯರಿಗೆ ‘ಉತ್ತಮ’ ಎಂದು ಬರೆದ ನೀರಿನಲ್ಲಿ ಮೀನಿನ ಮರಿ ಸಾಯಬಹುದು, ಎರಡು ಮಾತೂ ಸುಳ್ಳಲ್ಲ. ಲೋಹದ ವರದಿಯಲ್ಲಿ ಗಡಸುತನ, ಪಿಎಚ್ ಎರಡೂ ಇರಲೇಬೇಕೆನ್ನುವುದು ಇದಕ್ಕೆ.

ಹೂಳನ್ನು ಮರೆಯಬೇಡಿ. ನೀರು ಆ ಕ್ಷಣದ ಸುದ್ದಿ ಹೇಳಿದರೆ ಹೂಳು ಹಲವು ತಿಂಗಳ ಲೆಕ್ಕ ಇಟ್ಟಿರುತ್ತದೆ. ಪ್ಲಾಸ್ಟಿಕ್ ಸೌಟಿನಿಂದ ಮೇಲಿನ 2–5 ಸೆಂಟಿಮೀಟರ್ ತೆಗೆದು, ಹಳ್ಳದ ನೀರಿನಲ್ಲಿಯೇ 63 ಮೈಕ್ರಾನಿನ ನೈಲಾನ್ ಜರಡಿಯಲ್ಲಿ ಸೋಸಿ, ನಯವಾದ ಭಾಗವನ್ನಷ್ಟೇ ಪರೀಕ್ಷಿಸಬೇಕು. ಒಂದು ಕಡೆ ಮರಳು, ಇನ್ನೊಂದು ಕಡೆ ಜೇಡಿ ಅಳೆದು ಹೋಲಿಸಿದರೆ ಜೇಡಿ ಯಾವಾಗಲೂ ‘ಕಲುಷಿತ’ವೇ. ಇಲ್ಲಿಯೂ ಹಿನ್ನೆಲೆ ಪ್ರಮಾಣದ, ಅಂದರೆ ನೆಲದಲ್ಲಿ ಮೊದಲಿನಿಂದಲೇ ಇರುವ ಲೋಹದ, ತಕರಾರು ಇದೆ. ಭೂಸಂಚಯ ಸೂಚ್ಯಂಕಕ್ಕೆ (ಹೂಳಿನ ಲೋಹ ಹಿನ್ನೆಲೆಗಿಂತ ಎಷ್ಟು ಹೆಚ್ಚಿದೆ ಎಂದು ಹೇಳುವ ಅಂಕಿ; ಸೊನ್ನೆ ದಾಟಿದರೆ ಮಾಲಿನ್ಯ) ಜಗತ್ತಿನ ಸರಾಸರಿ ಶೇಲ್ (ಜೇಡಿಯಿಂದಾದ ಪದರಗಲ್ಲು) ಬಂಡೆಯ ಕ್ರೋಮಿಯಂ, ಕಿಲೋಗೆ 90 ಮಿಲಿಗ್ರಾಂ, ಹಿಡಿಯುವುದು ರೂಢಿ. ನಮ್ಮ ಹೂಳಿನಲ್ಲಿ 210 ಸಿಕ್ಕಿತೆನ್ನಿ: ಆ ಲೆಕ್ಕದಲ್ಲಿ ಸೂಚ್ಯಂಕ 0.64, ಮಾಲಿನ್ಯ ಶುರುವಾಗಿದೆ. ಅದೇ ಹಳ್ಳದ ಮೇಲ್ಭಾಗದ ಹೂಳಿನಲ್ಲೇ 200 ಇದ್ದರೆ ಸೂಚ್ಯಂಕ ಸೊನ್ನೆಗಿಂತ ಕೆಳಗೆ, ಏನೂ ಆಗಿಲ್ಲ. ಆದ್ದರಿಂದ ಒಂದೇ ಬಗೆಯ ಬಂಡೆಯಿರುವ, ಯಾರೂ ಮುಟ್ಟದ ಐದಾರು ಮೇಲ್ಭಾಗಗಳ ಹೂಳು ಮೊದಲು ಅಳೆದು ಸ್ಥಳೀಯ ಹಿನ್ನೆಲೆ ಗೊತ್ತುಮಾಡಬೇಕು. ಕಣದ ಗಾತ್ರದ ವ್ಯತ್ಯಾಸ ಸರಿದೂಗಿಸಲು ಕಬ್ಬಿಣದ ಬದಲು ಅಲ್ಯೂಮಿನಿಯಂ ಆಧಾರ ಹಿಡಿಯುವುದು ಈ ಜಿಲ್ಲೆಗೆ ಸರಿ, ಕಬ್ಬಿಣ ಇಲ್ಲಿ ತಟಸ್ಥ ಸಾಕ್ಷಿಯಲ್ಲ.

ಕೊನೆಗೆ, ವರದಿಗಳ ಮುಖಪುಟದಲ್ಲಿ ಮೆರೆಯುವ ‘ಭಾರಲೋಹ ಮಾಲಿನ್ಯ ಸೂಚ್ಯಂಕ’. ಪ್ರತಿ ಲೋಹದ ಪ್ರಮಾಣವನ್ನು ಅದರ ಮಿತಿಯ ಶೇಕಡಾವಾರು ಮಾಡಿ, ಮಿತಿಯ ವಿಲೋಮವನ್ನು (ಒಂದನ್ನು ಮಿತಿಯಿಂದ ಭಾಗಿಸಿದ್ದು) ತೂಕವಾಗಿ ಕೊಟ್ಟು ಸರಾಸರಿ ತೆಗೆಯುವುದು ಅದರ ಸರಳ ರೂಪ. 100 ದಾಟಿದರೆ ಅಪಾಯ. ಸೀಸ, ಕ್ಯಾಡ್ಮಿಯಂ, ನಿಕಲ್, ಕ್ರೋಮಿಯಂ, ತಾಮ್ರ ಐದನ್ನು ತೆಗೆದುಕೊಂಡರೆ ತೂಕದ ಶೇಕಡ 64 ಕ್ಯಾಡ್ಮಿಯಂ ಒಂದರದ್ದೇ. ಲೆಕ್ಕಕ್ಕೆಂದು ಒಂದು ನೀರು ಇಟ್ಟುಕೊಳ್ಳಿ: ಸೀಸ 25 ಮೈಕ್ರೋಗ್ರಾಂ, ನಿಕಲ್ 5, ಕ್ರೋಮಿಯಂ 5, ತಾಮ್ರ 10, ಕ್ಯಾಡ್ಮಿಯಂ ‘ಪತ್ತೆಯಾಗಿಲ್ಲ’. ಪತ್ತೆಯಾಗದ್ದಕ್ಕೆ ಯಂತ್ರದ ಪತ್ತೆ ಮಿತಿಯ (ಯಂತ್ರ ಗುರುತಿಸಬಲ್ಲ ಅತಿ ಕಡಿಮೆ ಪ್ರಮಾಣ) ಅರ್ಧ ಹಾಕುವುದು ವಾಡಿಕೆ. ಯಂತ್ರದ ಪತ್ತೆ ಮಿತಿ 0.5 ಆಗಿದ್ದರೆ ಸೂಚ್ಯಂಕ 57: ಸೀಸ ಮಿತಿಯ ಎರಡೂವರೆ ಪಟ್ಟಿದ್ದರೂ ‘ಸುರಕ್ಷಿತ’. ಯಂತ್ರ ಒರಟಾಗಿದ್ದು ಪತ್ತೆ ಮಿತಿ 10 ಆಗಿದ್ದರೆ ಅದೇ ನೀರಿನ ಸೂಚ್ಯಂಕ 157: ‘ಅಪಾಯ’, ಅದೂ ಕಾಣದ ಕ್ಯಾಡ್ಮಿಯಂನ ಹೆಸರಿನಲ್ಲಿ. ನೀರು ಒಂದು ಹನಿಯೂ ಬದಲಾಗಲಿಲ್ಲ. ಸೂಚ್ಯಂಕ ಬೇಡವೆನ್ನುತ್ತಿಲ್ಲ; ಪಕ್ಕದಲ್ಲಿ ಒಂದೊಂದು ಲೋಹದ ಅಂಕಿ ಮತ್ತು ಪತ್ತೆ ಮಿತಿ ಇಲ್ಲದೆ ಸೂಚ್ಯಂಕ ಮಾತ್ರ ಪ್ರಕಟಿಸುವುದು ಬೇಡ.

ಕಾನೂನಿನ ಬಗ್ಗೆ ಎರಡು ಮಾತು. 1974ರ ಜಲ ಕಾಯಿದೆಯ 21ನೇ ಕಲಮಿನ ಪ್ರಕಾರ ತ್ಯಾಜ್ಯನೀರಿನ ಮಾದರಿ ತೆಗೆಯುವಾಗ ಜಾಗದ ಹೊಣೆಗಾರರಿಗೆ ಅಲ್ಲಿಯೇ ನೋಟಿಸು ಕೊಟ್ಟು, ಮಾದರಿಯನ್ನು ಎರಡು ಭಾಗ ಮಾಡಿ, ಮೊಹರು ಹಾಕಿ, ಇಬ್ಬರೂ ಸಹಿ ಮಾಡಬೇಕು. ಈ ಕ್ರಮ ತಪ್ಪಿದ ವರದಿ ನ್ಯಾಯಾಲಯದಲ್ಲಿ ಸಾಕ್ಷ್ಯವಾಗಿ ನಿಲ್ಲದು. ಊರವರು ತುಂಬಿದ ಬಾಟಲಿ ಸಾಕ್ಷ್ಯವಲ್ಲ, ಆದರೆ ಎಲ್ಲಿ ಹುಡುಕಬೇಕೆಂದು ಹೇಳಬಲ್ಲದು. ಹಾಗಾಗಿ ಅದನ್ನು ತಳ್ಳಿಹಾಕಬೇಡಿ, ಸರಿಯಾಗಿ ತುಂಬುವುದನ್ನು ಕಲಿಸಿ. ಕಾಯಿಸಿದರೆ ಲೋಹ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಸಾಂದ್ರವಾಗುತ್ತದೆ ಎಂಬುದನ್ನೂ ಆಗಲೇ ತಿಳಿಸಬಹುದು.

ಖರ್ಚು ದೊಡ್ಡದಲ್ಲ. ಒಂದು ಹಳ್ಳಕ್ಕೆ ನಾಲ್ಕು ಜಾಗ, ಒಂದು ಖಾಲಿ, ಒಂದು ಜೋಡಿ, ಪ್ರತಿಯೊಂದಕ್ಕೂ ಎರಡು ಬಾಟಲಿ: ಸುತ್ತಿಗೆ 12, ವರ್ಷದ ಐದು ಸುತ್ತಿಗೆ 60 ಬಾಟಲಿ. ಮೊದಲ ವರ್ಷ ತಾಲ್ಲೂಕಿಗೊಂದು ಹಳ್ಳ ಆರಿಸಿಕೊಂಡರೂ ಸಾಕು. ಪ್ರತಿ ಹತ್ತರಲ್ಲಿ ಒಂದು ಮಾದರಿಯ ಇನ್ನೊಂದು ಪಾಲನ್ನು ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯಕ್ಕೋ ಇರುವಕ್ಕಿಯ ಕೃಷಿ ಮತ್ತು ತೋಟಗಾರಿಕಾ ವಿಶ್ವವಿದ್ಯಾಲಯಕ್ಕೋ ಕೊಟ್ಟು ಅಡ್ಡಪರೀಕ್ಷೆ ಮಾಡಿಸಬಹುದು. ಫಲಿತಾಂಶವನ್ನು ಪಂಚಾಯಿತಿಯ ಸೂಚನಾ ಫಲಕದಲ್ಲಿ ಹಾಕುವಾಗ ಜಾಗ, ದಿನ, ಗಂಟೆ, ಹರಿವು, ಪಿಎಚ್, ಗಡಸುತನ, ಒಟ್ಟು ಲೋಹ, ಕರಗಿದ ಲೋಹ, ಯಂತ್ರ, ಪತ್ತೆ ಮಿತಿ ಇಷ್ಟೂ ಇರಲಿ. ಲೋಹ ಕಾಣದಿದ್ದ ಕಡೆ ‘ಪತ್ತೆಯಾಗಿಲ್ಲ’ದ ಬದಲು, ಸೀಸವಾದರೆ ‘3 ಮೈಕ್ರೋಗ್ರಾಂಗಿಂತ ಕಡಿಮೆ’ ಎಂಬಂತೆ ಬರೆಯಿರಿ.

ಬಾಟಲಿಗಳನ್ನು ಆಮ್ಲದಲ್ಲಿ ನೆನೆಸಿ ಸಿದ್ಧ ಮಾಡಲು, ಮೇಲ್ಭಾಗದ ಜಾಗಗಳನ್ನು ನಡೆದು ಗುರುತಿಸಲು ಮೂರು ವಾರ ಬೇಕು. ಬೇಸಿಗೆಯ ಸುತ್ತು ಮೇ ಎರಡನೇ ವಾರದೊಳಗೆ ಮುಗಿದರೆ ಮಾತ್ರ ಮೊದಲ ಮಳೆಗೆ ಬಾಟಲಿ ಕೈಯಲ್ಲಿರುತ್ತದೆ.

ಇಂತಿ,
ಮಲೆನಾಡಿನ ನೀರು, ಮಣ್ಣು ಪರೀಕ್ಷೆಯ ಕೆಲಸದಲ್ಲಿರುವ ಕೆಲವರು